ಡಾಕ್ಟರಮ್ಮ ಇಟ್ಟ ಹಣ್ಣು

ನನಗಾಗ ಹತ್ತೊಂಬತ್ತು ವರ್ಷ. ಈಗ ಅದಕ್ಕೆ ಐವತ್ತು ವರ್ಷ ದಾಟಿತು. ಬಳ್ಳಾರಿಯ ಗಾಂಧಿನಗರದಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಳು. ಬೆರಳು, ಕನ್ನಡಿ, ಹತ್ತಿಯುಂಡೆ ಎಲ್ಲವನ್ನೂ ನಮ್ಮ ಬಾಯೊಳಗೆ ತುರುಕಿ ಆಮೇಲೆ ಪ್ರಶ್ನೆ ಕೇಳುವಳು. ಉತ್ತರ ಬರದಿದ್ದರೆ ಬೈಯುವಳು.

"ಏಮೇ, ಮೂಗೀನಾ ನೀನು? ಕೇಳಿದ್ದಕ್ಕೆ ಹೇಳಬಾರ್ದಾ?"

ಹೇಳುವುದು ಎಲ್ಲಿಂದ? ಗೊರಗೊರ ಎಂದರೆ "ಹಾಂ, ಹಂಗೆ ಹೇಳು" ಎಂದು ತಲೆಯಾಡಿಸುವಳು. ಆ ಭಾಷೆ ಆಕೆಗೆ ಪೂರ್ತಿ ತಿಳಿಯುತ್ತಿತ್ತು.

ಕಡಪದ ಕಡೆಯವಳು. ಗಂಡ ರೈಲ್ವೆಯಲ್ಲಿದ್ದ. ದಪ್ಪ ಹೆಂಗಸು, ದಪ್ಪ ಕನ್ನಡಕ, ಬಿಳಿ ಕೋಟಿನ ಮೇಲೆ ಮೊಳ ಮಲ್ಲಿಗೆ ಇಳಿಬಿಟ್ಟಿರುತ್ತಿದ್ದಳು. ಹತ್ತಿರ ಬಂದರೆ ಲವಂಗದೆಣ್ಣೆ ವಾಸನೆ. ಕರೆಂಟು ಹೋದರೆ ಹೊಲಿಗೆ ಮಿಷನ್ನಿನಂತೆ ಕಾಲಲ್ಲಿ ತುಳಿಯುವ ಯಂತ್ರದಿಂದ ಹಲ್ಲು ಕೊರೆಯುವಳು. ತುಳಿಯುತ್ತ ತುಳಿಯುತ್ತ ಅಡಿಗೆಯ ಮಾತು. ಗೋಂಗುರ ಸೊಪ್ಪಿನ ಚಟ್ನಿಗೆ ಎಷ್ಟು ಖಾರ, ಬೆಳ್ಳುಳ್ಳಿ ಯಾವಾಗ ಹಾಕಬೇಕು. ಅರ್ಧ ತೆಲುಗು, ಅರ್ಧ ಕನ್ನಡ. ನಮ್ಮ ಕಡೆ ಯಾರಿಗೂ ಅದು ಹೊಸದಲ್ಲ.

ನಾವು ಕುರುಗೋಡಿನವರು. ಹಾಲು ಕರೆಯಲು ಕೂತಾಗ ಎಮ್ಮೆ ತಲೆ ಕೊಡವಿತು. ನನ್ನ ಮೇಲಿನ ಮುಂದಿನ ಹಲ್ಲು ಎರಡೂ ಸಗಣಿಯಲ್ಲಿ ಬಿದ್ದವು. ನೋಡಲು ಬಂದ ಗಂಡಿನವರು ಎರಡು ಸಲ ಅವಲಕ್ಕಿ ತಿಂದು ಎದ್ದು ಹೋದರು. ಅಪ್ಪ ಇರಲಿಲ್ಲ. ನಮ್ಮಣ್ಣ ಬಸಣ್ಣನೇ ಯಜಮಾನ. ಸಿರುಗುಪ್ಪದಲ್ಲಿ ಒಬ್ಬ ಹೆಂಡತಿ ಸತ್ತವನಿದ್ದ, ನೆಲ್ಲಿನ ಗದ್ದೆಯವನು, ಅಪ್ಪ ಬದುಕಿದ್ದರೆ ಅವನ ವಯಸ್ಸೇ. ಅವನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

"ಬೊಚ್ಚುಬಾಯಿಗೆ ಬೊಚ್ಚುಬಾಯಿ. ದೇವ್ರು ಜೋಡಿ ಹುಡುಕ್ಯಾನ," ಅಂದ ಅಣ್ಣ.

ಅವ್ವ ಅತ್ತು, ಹಲ್ಲು ಕಟ್ಟಿಸಿ ನೋಡೋಣ ಎಂದು ಹಟ ಹಿಡಿದಳು. ಅಣ್ಣ ಒಪ್ಪಿದ. ಆದರೆ ಸಿರುಗುಪ್ಪಕ್ಕೆ ಬೇಡ ಎಂದು ಮಾತ್ರ ಹೇಳಿ ಕಳಿಸಲಿಲ್ಲ.

ಮೊದಲ ದಿನ ಡಾಕ್ಟರಮ್ಮ ನನ್ನ ಬಾಯಿ ನೋಡಿ, "ಯಾವಾಗ ಬಿತ್ತು?" ಅಂದಳು. ಅವ್ವ ಹೇಳಲು ಹೋದಳು.

"ನೀ ಸುಮ್ನಿರಮ್ಮಾ. ಬಾಯಿ ಆಕೇದು."

ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದೆ. ಆಕೆ ಸೆರಗು ಕಿತ್ತು ನನ್ನ ಕೈಗೇ ಕೊಟ್ಟಳು. "ಇದು ಮೈಗೆ. ಬಾಯಿಗಲ್ಲ." ಆಮೇಲೆ ಬ್ರಿಜ್ಜು ಕಟ್ಟಬೇಕು, ಅದಕ್ಕೆ ಪಕ್ಕದ ಹಲ್ಲು ಎರಡನ್ನೂ ಅರೆಯಬೇಕು ಎಂದಳು. ನನಗೆ ಸಿಟ್ಟು ಬಂತು.

"ಹೋದವು ಎರಡು. ಚಲೋ ಇದ್ದಾವನ್ನೂ ಯಾಕ ಅರೀತೀರಿ? ಸತ್ತವ್ರ ಜೋಡಿ ಬದುಕಿದ್ದವ್ರನ್ನೂ ಹೂಳ್ತೀರೇನು?"

"ಹಗರಿ ಹೊಳೆ ಮ್ಯಾಲೆ ಬ್ರಿಜ್ಜು ಐತಲ್ಲ, ಗಾಳಿ ಮ್ಯಾಲೆ ನಿಂತಿದೆಯಾ? ಈ ದಂಡೆಗೊಂದು, ಆ ದಂಡೆಗೊಂದು ಕಂಬ ಬೇಕು. ಈ ಎರಡು ಹಲ್ಲೇ ಕಂಬ. ತೆಗೆದಿಡೋ ಹಲ್ಲು ಬೇಕಂದ್ರೆ ಕೊಡ್ತೀನಿ. ಸೀನಿದ್ರೆ ಸಾರಿನಾಗೆ ಬೀಳ್ತದೆ. ನೀನೇ ಹೇಳು."

ನನ್ನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅರೆಯಿರಿ ಅಂದೆ. ಸೂಜಿ ಚುಚ್ಚಿ ಅರೆದಳು. ನಾಲ್ಕು ಹಲ್ಲಿನ ಜಾಗ ಬೋಳಾಯಿತು. ಮೇಣದಲ್ಲಿ ಅಚ್ಚು ತೆಗೆದು ಮದ್ರಾಸಿಗೆ ಕಳಿಸಿದಳು. ಹಲ್ಲು ಬಂದಾಗ ಕುರುಗೋಡಿನ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸುತ್ತೇನೆ ಎಂದಳು.

ಹೇಳಿಯೂ ಕಳಿಸಿದಳು. ಆದರೆ ತೆಲುಗಿನಲ್ಲಿ. "ಎಲ್ಲುಂಡಿ ಪಳ್ಳು ಪೆಡತಾನು" ಎಂದಳಂತೆ. ನಾಡಿದ್ದು ಹಲ್ಲು ಇಡುತ್ತೇನೆ ಎಂದು. ತೆಲುಗಿನಲ್ಲಿ ಹಲ್ಲಿಗೂ ಪಳ್ಳು, ಹಣ್ಣಿಗೂ ಪಳ್ಳು. ಕಂಡಕ್ಟರ್ ಬಸ್ಸಿಂದಲೇ ನಮ್ಮಣ್ಣನಿಗೆ ಕೂಗಿದ: "ಬಸಣ್ಣ, ನಾಡಿದ್ದು ಡಾಕ್ಟ್ರಮ್ಮ ಹಣ್ಣು ಇಡ್ತಾಳಂತ, ಬರ್ಬೇಕಂತ!"

ನಮ್ಮಲ್ಲಿ ಹಣ್ಣು ಇಡುವುದೆಂದರೆ ಗಂಡಿನವರು ಹುಡುಗಿಯ ಉಡಿಯಲ್ಲಿ ಹಣ್ಣಿಟ್ಟು ಮದುವೆ ಗಟ್ಟಿ ಮಾಡುವುದು. ಮನೆ ತಲೆಕೆಳಗಾಯಿತು.

"ಆಕಿಗೆ ಮಗ ಅದಾನೇನೋ?" ಅವ್ವ.

"ಮಗ ಅಲ್ಲ ಬಿಡು, ಕಂಪೌಂಡ್ರ ಇರ್ಬೇಕು. ಆದ್ರೂ ಸರ್ಕಾರಿ ಮಂದಿ ಪರಿಚಯ ಇರ್ತೈತಿ," ಅಣ್ಣ.

ಅದು ಹಣ್ಣಲ್ಲ, ಹಲ್ಲು ಇರಬೇಕು ಎಂದೆ ನಾನು. ನನ್ನ ಬೋಳು ಬಾಯಿಂದ ಬಂದದ್ದು ಯಾರಿಗೂ ತಿಳಿಯಲಿಲ್ಲ. ಅವ್ವ ಇಳಕಲ್ ಸೀರೆ ಉಡಿಸಿದಳು. ಅಣ್ಣ ರುಮಾಲು ಸುತ್ತಿದ. ತೆಂಗಿನಕಾಯಿ, ಬಾಳೆಗೊನೆ, ಎಲೆ ಅಡಿಕೆ ಹೊತ್ತು ಹೋದೆವು. ಕಾಯುತ್ತಿದ್ದ ರೋಗಿಗಳು ಕೆನ್ನೆ ಹಿಡಿದುಕೊಂಡೇ ಎದ್ದು ದಾರಿ ಬಿಟ್ಟರು.

"ಇದೇನಯ್ಯಾ ಗೃಹಪ್ರವೇಶ?" ಅಂದಳು ಡಾಕ್ಟರಮ್ಮ.

ಅಣ್ಣ ಕೈ ಮುಗಿದು, "ಗಂಡು ಎಲ್ಲಿ ಅದಾರ್ರಿ?" ಎಂದ.

ಆಕೆಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಕ್ಕಳು ನೋಡಿ, ಕನ್ನಡಕ ಜಾರಿ ಬಿತ್ತು. "ಅಯ್ಯೋ ರಾಮಾ, ಆ ಪಳ್ಳು ಅಲ್ಲಪ್ಪಾ, ಈ ಪಳ್ಳು!" ಎಂದು ಡಬ್ಬಿ ತೆರೆದು ತೋರಿಸಿದಳು. ನಾಲ್ಕು ಹಲ್ಲು, ಒಂದಕ್ಕೊಂದು ಅಂಟಿ ಕೂತಿದ್ದವು.

ಅಣ್ಣನ ಮುಖ ಸುಟ್ಟ ಬದನೆಕಾಯಿ. "ಹಂಗಾರ ಸಿರುಗುಪ್ಪದವ್ರಿಗೆ ಇವತ್ತೇ ಮಾತು ಕೊಡ್ತೀನಿ. ಸಾಕು ಈ ಆಟ," ಎಂದು ಬಾಗಿಲಲ್ಲಿ ನಿಂತ.

ಡಾಕ್ಟರಮ್ಮ ನನ್ನನ್ನು ಕುರ್ಚಿಗೆ ಕೆಡವಿದಳು. ಎರಡು ಕೈಯೂ ನನ್ನ ಬಾಯೊಳಗೆ. "ಏನು ಸಿರುಗುಪ್ಪ? ಯಾರು? ಎಷ್ಟು ವಯಸ್ಸು?" ಗೊರಗೊರ ಎಂದೆ. "ಅಷ್ಟು ಮುದುಕನಾ! ನಿನಗೆ ಬೇಕಾ?" ಇನ್ನೂ ಜೋರಾಗಿ ಗೊರಗೊರ ಎಂದೆ. "ಸರಿ. ಕಚ್ಚು. ಇನ್ನೂ ಗಟ್ಟಿ ಕಚ್ಚು."

ಸಿಮೆಂಟು ಒಣಗುವವರೆಗೆ ಕಚ್ಚಿ ಹಿಡಿದೆ. ಆಮೇಲೆ ಹತ್ತಿ ತೆಗೆದು ಹೇಳಿದಳು: "ಗಾಳಿ ಸೋರ್ತದಾ ನೋಡಬೇಕು. ಸಕಾರದ ಮಾತು ಆಡು. ಸಿರುಗುಪ್ಪ ಅನ್ನು."

"ಸಿರುಗುಪ್ಪಕ್ಕ ನಾ ಹೋಗಂಗಿಲ್ಲ," ಅಂದೆ.

ಸಕಾರ ಚೊಕ್ಕವಾಗಿ ಬಂತು. ಹೊರಗೆ ಕೂತವರಿಗೂ ಕೇಳಿತು.

"ಗಾಳಿ ಸೋರಲ್ಲ. ಕೆಲಸ ಆಯ್ತು," ಎಂದು ಡಾಕ್ಟರಮ್ಮ ಕೈ ತೊಳೆಯಲು ಹೋದಳು. ಬಾಳೆಗೊನೆ ಮಾತ್ರ ಇಟ್ಟುಕೊಂಡು ರೋಗಿಗಳಿಗೆ ಹಂಚಿದಳು. "ಮೆತ್ತಗೈತೆ, ತಿನ್ನಿ."

ಆಕೆಯನ್ನು ನೋಡಿದ್ದು ಅದೇ ಕಡೆಯ ಸಲ. ತಿಂಗಳು ಬಿಟ್ಟು ತೋರಿಸಲು ಹೋದರೆ ಬೀಗ. ಗಂಡನಿಗೆ ವರ್ಗವಾಯಿತಂತೆ, ಎಲ್ಲಿಗೆಂದು ಪಕ್ಕದವರಿಗೂ ಗೊತ್ತಿಲ್ಲ. ನಾನೇನೂ ಅಳಲಿಲ್ಲ. ಹಲ್ಲು ಗಟ್ಟಿ ಇತ್ತು. ಆ ವರ್ಷವೇ ಬಳ್ಳಾರಿಯ ಕೌಲ್ ಬಜಾರಿನ ಮೋಟಾರು ಮೆಕ್ಯಾನಿಕ್ಕಿಗೆ ನನ್ನನ್ನು ಕೊಟ್ಟರು. ಹಲ್ಲು ಕಟ್ಟಿಸಿದ್ದು ಎಂದು ನಾನೇ ಹೇಳಿದೆ. "ಸ್ಪೇರ್ ಪಾರ್ಟು ಚಲೋ ಕೂತೈತಿ," ಎಂದ.

ಆದರೆ ಹಲ್ಲು ಕೂಡಿಸಿದ ದಿನ ಇಷ್ಟೆಲ್ಲ ಗೊತ್ತಿರಲಿಲ್ಲ. ಅಣ್ಣ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನು ತಾನಾಗಿ ಸಿರುಗುಪ್ಪಕ್ಕೆ ಹೋಗಿ ಬೇಡ ಎನ್ನುವವನಲ್ಲ ಎಂದು ನನಗೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಅವ್ವನಿಗೆ ಮಾತ್ರ ಹೇಳಿ ಸಿರುಗುಪ್ಪದ ಬಸ್ಸು ಹತ್ತಿದೆ. ಆ ಮುದುಕ ಕಟ್ಟೆಯ ಮೇಲೆ ಕೂತು ಹಾಲಿನಲ್ಲಿ ರೊಟ್ಟಿ ನೆನೆಸುತ್ತಿದ್ದ. ನಾನು ಇಂಥವಳು, ನಿಮ್ಮನ್ನು ಮದುವೆಯಾಗುವುದಿಲ್ಲ ಎಂದೆ.

"ಚಲೋ ಆತು ತಾಯಿ. ಮದ್ವಿ ಆಗು ಅಂತ ನನ್ನ ತಂಗೀದು ಕಾಟ, ನನಗೂ ಬ್ಯಾಡಾಗಿತ್ತು," ಎಂದು ನಿಟ್ಟುಸಿರು ಬಿಟ್ಟ. ಆಮೇಲೆ ನನ್ನ ಬಾಯನ್ನೇ ನೋಡುತ್ತ ಕೇಳಿದ: "ಹಲ್ಲು ಯಾರು ಕಟ್ಟಿದ್ರು?"

ಗಾಂಧಿನಗರದ ದಾರಿ ಹೇಳಿ, ಅದೇ ಬಸ್ಸಿಗೆ ವಾಪಸು ಬಂದೆ.