ಫಿಸಿಕ್ಸ್ ಸರ್ ತಂದ ತತ್ತಿ

ರಾಣೆಬೆನ್ನೂರಿನ ಕಾಲೇಜಿನಲ್ಲಿ ನಮಗೆ ಫಿಸಿಕ್ಸ್ ಕಲಿಸಿದ ಸರ್ ಯಾವುದಕ್ಕೂ "ಮಾಡಿ ನೋಡೂಣು" ಅನ್ನುವವರು.

ನ್ಯೂಟ್ರಾನ್ ನಕ್ಷತ್ರದ ಹೊರಚಿಪ್ಪು ತಿರುಗುವುದು ನಿಧಾನವಾಗುತ್ತ ಬಂದು, ಒಮ್ಮೆಲೇ ಜೋರಾಗುತ್ತದೆ. ಒಳಗಿನ ದ್ರವ ತನ್ನ ವೇಗವನ್ನು ಅದಕ್ಕೆ ದಾಟಿಸುತ್ತದೆ. ಇದನ್ನು ತೋರಿಸಲು ಅವರಿಗೆ ಕೋಳಿಯ ತತ್ತಿ ಬೇಕಿತ್ತು. ಅವರದೋ ತತ್ತಿ ಮುಟ್ಟದ ಮನೆತನ. ಪಕ್ಕದ ಮನೆಯಾಕೆಯನ್ನು ಕೇಳಿ ತಂದರು. ಮೇಜಿನ ಮೇಲೆ ತಿರುಗಿಸಿ, ಬೆರಳಿಟ್ಟು ತಡೆದು, ಬಿಟ್ಟರು. ಮತ್ತೆ ತಿರುಗಬೇಕಿದ್ದ ಅದು ಅಲ್ಲೇ ನಿಂತಿತು.

"ಸರ್, ಇದು ಕುದಿಸಿದ ತತ್ತಿ ಐತ್ರಿ," ಅಂದೆ. ತಿನ್ನಲಿಕ್ಕೆ ಕೇಳಿದ್ದಾರೆಂದು ಆಕೆ ಬೇಯಿಸಿ ಕೊಟ್ಟಿದ್ದಳು! ಕ್ಲಾಸಿಗೆ ಕ್ಲಾಸೇ ನಕ್ಕಿತು.

"ಮಾಡೇ ನೋಡೂಣು," ಎಂದು ಸರ್ ಪೇಟೆಗೆ ನಡೆದರು. ಹಸಿ ತತ್ತಿಯನ್ನು ಬರಿಗೈಯಲ್ಲಿ ಹಿಡಿದು, ಓಣಿಯ ಮಂದಿಯೆಲ್ಲ ನೋಡುವಂತೆ ತಂದರು. ತಿರುಗಿಸಿದರು, ತಡೆದರು, ಬೆರಳೆತ್ತಿದರು. ತತ್ತಿ ಮತ್ತೆ ತಿರುಗಿತು.

"ಹೊರಗ ನಿಂತಿತ್ತಷ್ಟ," ಅಂದರು. "ಒಳಗ ನಿಂತಿದ್ದಿಲ್ಲ, ನೋಡ್ರಿ."