ಹಿತ್ತಿಲ ಬಾಗಿಲಿನ ಗಂಟು

ತೆಂಗಿನ ನಾರಿನ ಹಗ್ಗ ಎರಚಲಿಗೆ ನೆನೆದಾಗ ಒಂದು ವಾಸನೆ ಬರುತ್ತದೆ. ಎಲ್ಲಿ ಅದು ಮೂಗಿಗೆ ಬಡಿದರೂ ಬುಕ್ಕಾಂಬುಧಿಯ ನಮ್ಮ ಮನೆಯ ಹಿತ್ತಿಲ ಬಾಗಿಲು ನನ್ನ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಮನೆಯಲ್ಲೂ ಯಾರೂ ಮುಟ್ಟಬಾರದ ವಸ್ತು ಒಂದು ಇದ್ದಿರಬಹುದು, ಹೋದವರ ಕನ್ನಡಕವೋ, ಕೊಡೆಯೋ. ನಮ್ಮಲ್ಲಿ ಇದ್ದದ್ದು ಆ ಬಾಗಿಲಿಗೆ ಕಟ್ಟಿದ್ದ ಹಗ್ಗದ ಒಂದು ಗಂಟು. ಅದರ ದೆಸೆಯಿಂದ ನಾವು ಬಚ್ಚಲ ಒಲೆಗೆ ನಾಲ್ಕು ಸೌದೆ ತರಬೇಕೆಂದರೂ ಮುಂಬಾಗಿಲಿನಿಂದ ಹೊರಟು ಮನೆ ಸುತ್ತಿ ಹಿತ್ತಿಲಿಗೆ ಹೋಗುತ್ತಿದ್ದೆವು, ವರ್ಷಗಟ್ಟಲೆ.

ಗಂಟು ಹಾಕಿದವನು ಅಜ್ಜಿಯ ಕೊನೇ ಮಗ, ನಮ್ಮ ಸಿದ್ದೇಶ ಚಿಕ್ಕಪ್ಪ. ರಾಗಿ ಹೊಲ, ತೆಂಗಿನ ತೋಟ ಬಿಟ್ಟು ಬೇರೇನೂ ಕಾಣದ ನಮ್ಮ ವಂಶದಲ್ಲಿ ಹಡಗು ಹತ್ತಿದವನು ಅವನೊಬ್ಬನೇ. ಮಂಗಳೂರಿನಿಂದ ಸರಕು ಸಾಗಿಸುವ ಸಣ್ಣ ಹಡಗಿನಲ್ಲಿ ಅವನಿಗೆ ಹಗ್ಗದ ಕೆಲಸ. ಅಜ್ಜಿ ಸಮುದ್ರ ಕಂಡವಳಲ್ಲ. ಊರಿನ ಹೆಸರಿನಲ್ಲೇ ಅಂಬುಧಿ ಇದೆಯಲ್ಲ, ಹಾಗಾಗಿ ನಮ್ಮ ಕೆರೆ ಸಮುದ್ರದ ತಂಗಿ ಎಂದೇ ಅವಳು ನಂಬಿದ್ದಳು. ಕೆರೆಯಲ್ಲಿ ಅಲೆ ಎದ್ದ ದಿನ ಏರಿಗೆ ಹೋಗಿ, ನಿನ್ನ ಅಕ್ಕನಿಗೆ ಹೇಳು ತಾಯಿ, ಹುಡುಗ ಅಲ್ಲಿದ್ದಾನೆ ಎಂದು ಗಂಗಮ್ಮನಿಗೆ ಕೈಮುಗಿದು ಬರುತ್ತಿದ್ದಳು. ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ರಜೆಗೆ ಬಂದರೂ ಚಿಕ್ಕಪ್ಪನ ಕಿವಿ ರೇಡಿಯೊದ ಮೇಲೆ. ಬಿರುಗಾಳಿ ಏಳುವ ಸಂಭವವಿದೆ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು ಎಂದು ಕೇಳಿದರೆ ಸಾಕು, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಮನೆಯ ಸಾಮಾನು ಕಟ್ಟತೊಡಗುತ್ತಿದ್ದ, ಹಂಡೆಯನ್ನು ಕಂಬಕ್ಕೆ, ಏಣಿಯನ್ನು ಅಟ್ಟದ ತೊಲೆಗೆ. ಹಡಗಿನಲ್ಲಿ ಮುನ್ಸೂಚನೆ ಬಂದೊಡನೆ ಎಲ್ಲರ ಮಾತು ನಿಂತುಹೋಗುತ್ತದಂತೆ, ಕೈಗಳು ತಾವಾಗಿ ಹಗ್ಗ ಹುಡುಕುತ್ತವಂತೆ, ಅಡುಗೆಯವನು ಮೊದಲು ಚಾಕು ಕಟ್ಟಿಡುತ್ತಾನಂತೆ. ಆಮೇಲೆ ಹಡಗು ದಡ ಬಿಟ್ಟು ನಡುನೀರಿಗೆ ಹೋಗುತ್ತದೆ. ಇದೊಂದು ಅಜ್ಜಿಗೆ ಅರ್ಥವಾಗಲಿಲ್ಲ. ಗಾಳಿ ಬಂದರೆ ದನವೂ ಕೊಟ್ಟಿಗೆಗೆ ಬರುತ್ತದೆ, ನೀವೇಕೆ ಹೊರಗೆ ಹೋಗುತ್ತೀರಿ ಎಂದು ಕೇಳುತ್ತಿದ್ದಳು. ದಡದಲ್ಲಿದ್ದರೆ ಕಲ್ಲಿಗೆ ಬಡಿದು ಹೋಳಾಗುತ್ತದೆ ಎಂದು ಅವನು ಎಷ್ಟು ಹೇಳಿದರೂ ಒಪ್ಪದೆ ತಲೆಯಾಡಿಸುತ್ತಿದ್ದಳು. ನನಗೆ ಅವನು ಗಂಟು ಹಾಕುವುದನ್ನು ಕಲಿಸಿದ. ನನ್ನ ಕೈಯಲ್ಲಿ ಬರೀ ಕಗ್ಗಂಟು.

"ಗಂಟು ಗಾಳಿಗೆ ಬಿಡಬಾರ್ದು, ಕೈಗೆ ಬಿಡ್ಬೇಕು ಕಣೇ," ಎನ್ನುತ್ತಿದ್ದ. "ಈ ತುದಿ ಎಳುದ್ರೆ ಒಂದೇ ಸಲಕ್ಕೆ ಬಿಚ್ಕೋಬೇಕು."

ನನಗೆ ಒಂಬತ್ತು ವರ್ಷ. ಹಡಗು ಮಂಗಳೂರಿನಲ್ಲಿ ಸರಕು ತುಂಬುತ್ತಿತ್ತು, ಚಿಕ್ಕಪ್ಪ ವಾರದ ರಜೆಗೆ ಬಂದಿದ್ದ. ಅವನು ತೋಟಕ್ಕೆ ಹೋಗಿದ್ದ ಒಂದು ಬೆಳಿಗ್ಗೆ, ಎಂದೂ ಕಾಣದಂಥ ಚಂಡಮಾರುತ ಬರಲಿದೆಯೆಂದು ರೇಡಿಯೊ ಹೇಳಿತು. ಅಜ್ಜಿ ರೇಡಿಯೊದ ಎರಡೂ ಸೆಲ್ ತೆಗೆದು ರಾಗಿಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ನಾನು ನೋಡಿದ್ದು ಕಂಡು ಬಾಯಿಗೆ ಬೆಲ್ಲದ ಚೂರು ಹಾಕಿದಳು. ಚಿಕ್ಕಪ್ಪ ಬಂದು ರೇಡಿಯೊ ತಿರುಗಿಸಿದ, ಸದ್ದಿಲ್ಲ. ಸೆಲ್ ಎಲ್ಲಿ ಎಂದು ನನ್ನನ್ನು ಕೇಳಿದ. ನಾನು ಡಬ್ಬಿಯತ್ತ ಬೆರಳು ತೋರಿಸಿದೆ. ಯಾಕೆ ತೋರಿಸಿದೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ತೀರಾ ಸಣ್ಣದು. ಅವನು ಮನೆಯ ಸಾಮಾನನ್ನೆಲ್ಲ ಹಗ್ಗದಿಂದ ಕಟ್ಟುವುದನ್ನು ಇನ್ನೊಮ್ಮೆ ನೋಡುವ ಆಸೆ, ಅಷ್ಟೇ.

ಅವನು ಈ ಸಲ ಏನನ್ನೂ ಕಟ್ಟಲಿಲ್ಲ. ಸೆಲ್ ಹಾಕಿ ಮುನ್ಸೂಚನೆಯನ್ನು ನಿಂತೇ ಕೇಳಿದ, ಚೀಲ ಹೆಗಲಿಗೇರಿಸಿದ. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತಳು.

"ನೀನೊಬ್ಬ ಇಲ್ದಿದ್ರೆ ಹಡಗು ಹೋಗಲ್ವೇನೋ?"

"ಹೋಯ್ತದೆ ಕಣವ್ವ. ನನ್ನ ಹಗ್ಗ ಇನ್ನೊಬ್ಬ ಹಿಡೀಬೇಕಾಯ್ತದೆ. ಅವನಿಗೂ ಅವ್ವ ಅವ್ಳೆ."

ಅಜ್ಜಿ ಪಕ್ಕಕ್ಕೆ ಸರಿದಳು. ಅಷ್ಟರಲ್ಲಿ ಚಿಲಕ ಕಿತ್ತುಹೋಗಿದ್ದ ಹಿತ್ತಿಲ ಬಾಗಿಲು ಗಾಳಿಗೆ ದಬದಬ ಬಡಿದುಕೊಂಡಿತು. ಹೊಸ್ತಿಲು ದಾಟಿದ್ದ ಚಿಕ್ಕಪ್ಪ ಒಳಗೆ ವಾಪಸು ಬಂದು, ಒಂದು ತುಂಡು ಹಗ್ಗದಿಂದ ಬಾಗಿಲಿನ ಬಳೆಯನ್ನು ಚೌಕಟ್ಟಿಗೆ ಕಟ್ಟಿ, ಕಡೂರಿನ ಕಡೆಯ ಬಸ್ಸಿಗೆ ಓಡಿದ.

ಹಡಗು ಬಿರುಗಾಳಿಗೆ ಮೊದಲೇ ದಡ ಬಿಟ್ಟಿತಂತೆ. ಮತ್ತೆ ಅದನ್ನು ಕಂಡವರಿಲ್ಲ. ಒಂದು ಹಲಗೆಯೂ ಸಿಗಲಿಲ್ಲ. ಅಪ್ಪ ಒಮ್ಮೆ ಆ ಹಗ್ಗಕ್ಕೆ ಕೈ ಹಾಕಿದಾಗ, ಕಟ್ಟಿದವನೇ ಬಂದು ಬಿಚ್ಚಲಿ ಎಂದು ಅಜ್ಜಿ ತಡೆದಳು. ಗಾಳಿ ಎದ್ದ ದಿನಗಳಲ್ಲಿ ಆ ಬಾಗಿಲು ಹಗ್ಗ ಜಗ್ಗಿಕೊಂಡು ಯಾರೋ ತಟ್ಟಿದಂತೆ ತಟ್ಟುತ್ತಿತ್ತು. ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು, ನಾನು ಅವಳ ಮುಖ ನೋಡಲಾರದೆ ಎದ್ದು ಹೋಗುತ್ತಿದ್ದೆ. ಸೆಲ್ ತೋರಿಸಿಕೊಟ್ಟವರು ಯಾರೆಂದು ಅವಳು ಸಾಯುವವರೆಗೂ ಕೇಳಲಿಲ್ಲ. ಬೆಲ್ಲದ ಚೂರು ಕೊಡುವುದನ್ನೂ ನಿಲ್ಲಿಸಲಿಲ್ಲ. ಒಂದು ಸಲ ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಹೋದ ವರ್ಷ ಮನೆ ಪಾಲಾಯಿತು. ಕೆಡವುವ ದಿನ ನಾನೂ ಹೋಗಿದ್ದೆ. ಹಗ್ಗ ಕಡಿಯಲು ಕೂಲಿಯವನು ಮಚ್ಚು ಎತ್ತಿದ. ಸ್ವಲ್ಪ ತಾಳಪ್ಪ ಎಂದೆ. ಹಗ್ಗ ಕಪ್ಪಾಗಿತ್ತು, ಕಲ್ಲಿನಂತೆ ಗಡುಸಾಗಿತ್ತು. ಬಿಚ್ಚಿಕೊಳ್ಳಲಾರದು ಅಂದುಕೊಂಡೇ ತುದಿ ಹಿಡಿದು ಎಳೆದೆ. ಒಂದೇ ಸಲಕ್ಕೆ ಬಿಚ್ಚಿಕೊಂಡಿತು.

ಬಾಗಿಲು ತೆರೆದು ಕೆರೆಯ ಗಾಳಿ ಒಳಗೆ ನುಗ್ಗಿತು. ಬರುವವರಿಗೆ ದಾರಿ ಬಿಡಬೇಕಲ್ಲ, ಆ ದಿನ ಅಜ್ಜಿ ಸರಿದಂತೆಯೇ ನಾನೂ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ನಿಂತೆ.