ಮಸ್ಕಿಯಿಂದ ಮುದಗಲ್ಲಿಗೆ ಖಾಲಿ ಲಾರಿ

ನಾನು ಪಾಠ ಹೇಳುತ್ತಿದ್ದ ಸಾಲಿಗೆ ಮರಳಿ ಹೋದದ್ದು ಕೂಸು ತೀರಿಕೊಂಡ ಇಪ್ಪತ್ತೆರಡನೆಯ ದಿನ. ಒಂಬತ್ತು ದಿನ ಬದುಕಿದ್ದ ಹೆಣ್ಣುಕೂಸು. ಹೆಸರಿಡುವ ದಿನ ಇನ್ನೂ ಬಂದಿರಲಿಲ್ಲ. ಅತ್ತೆ ದಿನಾ ನನ್ನ ಎದೆಯ ಮೇಲೆ ಮಲ್ಲಿಗೆ ಮೊಗ್ಗು ಇಟ್ಟು, ಹಳೆಯ ಧೋತರದ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. ಹಾಗೆ ಮಾಡಿದರೆ ಹಾಲು ಬತ್ತುತ್ತದಂತೆ. ಬತ್ತಿರಲಿಲ್ಲ. ಕಾಲುವೆ ಆಫೀಸಿನಲ್ಲಿ ಕಾರಕೂನರಾಗಿದ್ದ ನನ್ನ ಗಂಡ ಒಂದು ಮುಂಜಾನೆ, "ಸಾಲಿಗಿ ಹೋಗು. ಮನ್ಯಾಗ ಕುಂತು ಏನ್ ಮಾಡ್ತಿ?" ಅಂದರು. ಎದ್ದು ಸೀರೆ ಬದಲಿಸಿ ಹೋದೆ. ಹೋಗಬೇಡ ಅಂದಿದ್ದರೆ ಅಲ್ಲೇ ಕೂತಿರುತ್ತಿದ್ದೆ. ಎರಡೂ ನನಗೆ ಒಂದೇ ಆಗಿತ್ತು.

ಆಗ ಸಿಂಧನೂರಿನಲ್ಲಿ ಕಾಲುವೆ ನೀರು ಬಂದು ಕೆಲವು ವರ್ಷ ಆಗಿತ್ತು. ನಮ್ಮ ಹೆಣ್ಣುಮಕ್ಕಳ ಸಾಲಿಯ ಮುಖ್ಯ ಶಿಕ್ಷಕಿಯನ್ನು ಎಲ್ಲರೂ ದೊಡ್ಡಕ್ಕಾರು ಅನ್ನುತ್ತಿದ್ದೆವು. ನಾನು ಹೋದ ದಿನವೇ ಅವರು ನನ್ನನ್ನು ಕರೆದು, ಏಳನೇ ಕ್ಲಾಸಿನ ಇಪ್ಪತ್ತಮೂರು ಹುಡುಗಿಯರ ಟ್ರಿಪ್ಪಿನ ಜವಾಬ್ದಾರಿ ಕೊಟ್ಟರು. ಮಸ್ಕಿಯ ಗುಡ್ಡದ ಕಲ್ಲಿನ ಶಾಸನ ನೋಡುವುದು, ಅಲ್ಲಿಂದ ಮುದಗಲ್ಲಿನ ಕೋಟೆ, ರಾತ್ರಿ ಅಲ್ಲಿಯ ಸಾಲಿಯಲ್ಲಿ ಮಲಗುವುದು, ಮರುದಿನ ಮುಂಜಾನೆಯ ಬಸ್ಸಿಗೆ ವಾಪಸು.

"ಮಸ್ಕಿ ತನಕ ಬಸ್ ಆಗತೈತಿ. ಮಸ್ಕಿಯಿಂದ ಮುದಗಲ್ಲಿಗಿ ಏನಾರ ಮಾಡವ್ವಾ. ಮಕ್ಕಳ ಕಡೆ ರೊಕ್ಕ ಜಾಸ್ತಿ ಕೇಳಾಕ ಬರೂದಿಲ್ಲ" ಅಂದರು. ನನಗೆ ಕೈತುಂಬ ಕೆಲಸ ಕೊಡಬೇಕೆಂದೇ ಅವರು ಹಾಗೆ ಮಾಡಿದ್ದು ಅಂತ ಈಗ ತಿಳಿಯುತ್ತದೆ.

ಕೆಲಸವನ್ನು ನಾನು ಸರಿಯಾಗಿಯೇ ಮಾಡಿದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನನ್ನು ಕೇಳಿದೆ. ಮುದಗಲ್ಲಿಗೆ ಹೋಗುವ ಬಸ್ಸು ಮಸ್ಕಿಗೆ ಬರುವಾಗಲೇ ತುಂಬಿರುತ್ತದೆ ಅಂದ. "ಹತ್ತು ಮಂದಿ ನಿಂದ್ರಬೌದ್ರಿ. ಉಳದೋರು ಮುಂದಿನ ಗಾಡಿಗಿ ಬರ್ಲಿ." ಅರ್ಧ ಹುಡುಗಿಯರನ್ನು ರಸ್ತೆಯ ಮೇಲೆ ಬಿಟ್ಟು ಹೋಗುವುದು ಆಗದ ಮಾತು. ಇಡೀ ಬಸ್ಸು ಬಾಡಿಗೆ ಹಿಡಿಯುವುದನ್ನು ಕೇಳುವ ಮೊದಲೇ ಕೈಬಿಟ್ಟೆ. ಆಂಧ್ರದಿಂದ ಬಂದು ಕಾಲುವೆ ಬದಿಯ ಕ್ಯಾಂಪಿನಲ್ಲಿ ನೆಲೆಸಿ ಭತ್ತ ಬೆಳೆಯುತ್ತಿದ್ದ ರೈತರೊಬ್ಬರ ಮಗಳು ನಮ್ಮ ಸಾಲಿಗೆ ಬರುತ್ತಿದ್ದಳು. ಅವರು, "ನಂದು ಟ್ರ್ಯಾಕ್ಟರ್ ಉಂದಮ್ಮಾ, ಡೀಸೆಲ್ ಹಾಕ್ಸ್ರಿ ಸಾಕು" ಅಂದರು. ಅಗ್ಗವೇನೋ ಆಗುತ್ತಿತ್ತು. ಆದರೆ ಸಿಂಧನೂರಿನಿಂದ ಹೊರಟ ಟ್ರ್ಯಾಕ್ಟರ್ ಮುದಗಲ್ ಮುಟ್ಟುವುದರೊಳಗೆ ಹೊತ್ತು ಮುಳುಗುತ್ತಿತ್ತು. ಕೋಟೆ ನೋಡುವುದು ಯಾವಾಗ?

ಕೊನೆಗೆ ಸಿಕ್ಕಿದ್ದು ಲಾರಿ. ಮಾರ್ಕೆಟ್ಟಿನ ಚಹಾದಂಗಡಿಯ ಮುಂದೆ ಡ್ರೈವರ್ ಒಬ್ಬ ಸಿಕ್ಕ, ಮುಸಲ್ಮಾನರವನು, ನಡುವಯಸ್ಸು. "ಮಸ್ಕ್ಯಾಗ ಮಾಲು ಇಳಿಸಿ ಮುದಗಲ್ಲಿಗಿ ಖಾಲಿ ಹೋಗತೈತ್ರಿ ಗಾಡಿ" ಅಂದು ಬಾಡಿಗೆ ಹೇಳಿದ. ನಾನು ಸುಮ್ಮನೆ ನಿಂತೆ. ಮೊದಲಾಗಿದ್ದರೆ ಬದನೆಕಾಯಿ ಕೊಳ್ಳುವಾಗಲೂ ಚೌಕಾಶಿ ಮಾಡದೆ ಬಿಡದವಳು ನಾನು. ಅವತ್ತು ಬಾಯಿಗೆ ಮಾತೇ ಬರಲಿಲ್ಲ. ಅವನು ಸ್ವಲ್ಪ ಇಳಿಸಿದ. ನಾನು ಅವನ ಲಾರಿಯ ಗಾಲಿ ನೋಡುತ್ತ ನಿಂತಿದ್ದೆ. ಅವನು ಮತ್ತೆ ಇಳಿಸಿದ.

"ಅಕ್ಕಾರ, ಇದಕ್ಕಿಂತ ಕಡಿಮಿ ಆಗೂದಿಲ್ರಿ. ಅಲ್ಲಾನ ಆಣೆ" ಅಂದಾಗ ತಲೆ ಆಡಿಸಿದೆ.

ಸುದ್ದಿ ಕೇಳಿ ದೊಡ್ಡಕ್ಕಾರು ಉಳಿದ ಶಿಕ್ಷಕಿಯರ ಮುಂದೆ, "ವ್ಯವಹಾರ ಅಂದ್ರ ಹಿಂಗಿರಬೇಕು ನೋಡ್ರಿ" ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದೆ.

ಹೊರಟ ದಿನ ಹುಡುಗಿಯರಿಗೆ ಖುಷಿಯೋ ಖುಷಿ. ಎಲ್ಲರ ಕೈಯಲ್ಲೂ ರೊಟ್ಟಿ ಗಂಟು. ನನ್ನ ಜೊತೆಗೆ ಸಾಲಿಯ ಕಸ ಗುಡಿಸುವ ಮುದುಕಿ ಬಂದಿದ್ದಳು. ಮಸ್ಕಿಯ ಗುಡ್ಡ ಹತ್ತಿ, ಬಂಡೆಯ ಮೇಲಿನ ಅಕ್ಷರ ತೋರಿಸಿ, ಪುಸ್ತಕದಲ್ಲಿದ್ದದ್ದನ್ನು ಓದಿ ಹೇಳಿದೆ. "ಕಲ್ಲಿನ ಮ್ಯಾಲ ಯಾಕ ಬರಸ್ಯಾರ್ರಿ ಅಕ್ಕಾರ?" ಅಂತ ಒಬ್ಬಳು ಕೇಳಿದಳು. "ಉಳೀಲಿ ಅಂತ" ಅಂದೆ. ಅವಳು ಬರೆದುಕೊಂಡಳು.

ಕೆಳಗಿಳಿದಾಗ ಲಾರಿ ಬಂದು ನಿಂತಿತ್ತು. ಹಿಂದೆ ಹುಲ್ಲು ಹಾಕಿ ಮೇಲೆ ಜಮಖಾನೆ ಹಾಸಿದ್ದ. ಮುಂದೆ, ಡ್ರೈವರನ ಪಕ್ಕದಲ್ಲಿ, ಅವನ ಹೆಂಡತಿ ಕೂತಿದ್ದಳು. ತೊಡೆಯ ಮೇಲೆ ಎರಡು ಮೂರು ತಿಂಗಳ ಕೂಸು.

"ಅವರವ್ವಗ ಆರಾಮ ಇಲ್ರಿ, ನೋಡಾಕ ಹೊಂಟಾಳ. ನೀವೂ ಮುಂದ ಕುಂದರ್ರಿ ಅಕ್ಕಾರ, ಜಾಗಾ ಐತಿ" ಅಂದ ಡ್ರೈವರ್.

ಮುದುಕಿಯನ್ನು ಮುಂದೆ ಕೂಡಿಸಿ ನಾನು ಹುಡುಗಿಯರ ಜೊತೆ ಹಿಂದೆ ಹತ್ತಿದೆ. ದಾರಿಯುದ್ದಕ್ಕೂ ಅವರು ಹಾಡಿದರು. ಲಾರಿ ಜಿಗಿದಾಗಲೆಲ್ಲ ಕಿರುಚಿ ನಕ್ಕರು. ನಾನು ಹಲಗೆ ಹಿಡಿದು ಕೂತು ಅವರ ತಲೆ ಎಣಿಸುತ್ತಿದ್ದೆ.

ಲಿಂಗಸುಗೂರು ದಾಟುವಷ್ಟರಲ್ಲಿ ಗಾಲಿ ಪಂಚರ್ ಆಯಿತು. ಎಲ್ಲರನ್ನೂ ಇಳಿಸಿ ಬೇವಿನ ಗಿಡದ ಕೆಳಗೆ ಕೂಡಿಸಿದೆ. ಡ್ರೈವರ್ ಜಾಕ್ ಹಚ್ಚತೊಡಗಿದ. ಅವನ ಹೆಂಡತಿ ಇಳಿದು ನೇರ ನನ್ನ ಹತ್ತಿರ ಬಂದಳು. "ಜರಾ ಹಿಡೀರಿ ಅಕ್ಕಾರ, ಅಲ್ಲೇ ಹೋಗಿ ಬರ್ತೀನಿ" ಅಂದು ಕೂಸನ್ನು ನನ್ನ ಕೈಗಿಟ್ಟು ಹೊಲದ ಬೇಲಿಯ ಕಡೆ ಹೋದಳು. ಬೇಡ ಅನ್ನುವುದಕ್ಕೂ ಹೊತ್ತು ಸಿಗಲಿಲ್ಲ.

ಕೂಸಿನ ತಲೆ ಬಿಸಿಯಾಗಿತ್ತು. ಸ್ವಲ್ಪ ಹೊತ್ತು ಆಕಾಶ ನೋಡಿತು. ಆಮೇಲೆ ಮುಖ ಹೊರಳಿಸಿ ನನ್ನ ಸೆರಗಿನಲ್ಲಿ ಮೂಗು ತಿಕ್ಕಿ ಅಳತೊಡಗಿತು. ಆ ಅಳು ಕೇಳಿದ್ದೇ ಎದೆ ಬಿಗಿದು, ಅತ್ತೆ ಕಟ್ಟಿದ ಪಟ್ಟಿ, ಅದರ ಮೇಲಿನ ಕುಪ್ಪಸ, ಸೀರೆ ಎಲ್ಲ ತೊಯ್ದವು. ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾಚಿಕೆಯೂ ಆಗಲಿಲ್ಲ. ಬೇರೆ ಯಾರಿಗೋ ಆಗುತ್ತಿರುವುದನ್ನು ನೋಡಿದ ಹಾಗೆ ತಲೆ ಬಗ್ಗಿಸಿ ನೋಡುತ್ತಿದ್ದೆ.

ಮುಕ್ಕುಂದದ ಕಡೆಯ ಹುಡುಗಿಯೊಬ್ಬಳಿದ್ದಳು. ವಯಸ್ಸಿಗಿಂತ ಎತ್ತರ, ಮನೆಯಲ್ಲಿ ತಾನೇ ನಾಲ್ವರು ತಮ್ಮಂದಿರನ್ನು ಬೆಳೆಸಿದವಳು. ಆಕೆ ಎದ್ದು, ತನ್ನ ರೊಟ್ಟಿ ಕಟ್ಟಿದ್ದ ಅರಿವೆ ಬಿಚ್ಚಿ, ಝಾಡಿಸಿ, ನನ್ನ ಹೆಗಲಿನಿಂದ ಎದೆಯ ಮೇಲೆ ಹೊದಿಸಿದಳು.

"ಬಿಸಲು ಬಾಳ ಐತ್ರಿ ಅಕ್ಕಾರ" ಅಂದಳು. ನಾವು ಕೂತದ್ದು ನೆರಳಿನಲ್ಲಿ. ಅಷ್ಟು ಹೇಳಿ, ಉಳಿದವರನ್ನು ಕುಂಟಾಬಿಲ್ಲೆ ಆಡೋಣ ಬರ್ರೇ ಅಂತ ಗಿಡದ ಆಚೆ ಬದಿಗೆ ಕರೆದುಕೊಂಡು ಹೋದಳು.

ಡ್ರೈವರನ ಹೆಂಡತಿ ಬಂದಳು. ನನ್ನನ್ನು ನೋಡಿದಳು, ಅರಿವೆಯ ಅಂಚಿನ ಒದ್ದೆ ನೋಡಿದಳು.

"ಮನ್ಯಾಗ ಸಣ್ಣ ಕೂಸು ಐತೇನ್ರಿ?"

"ಇತ್ತು" ಅಂದೆ.

ಆಕೆ ಕೂಸನ್ನು ತೆಗೆದುಕೊಂಡು ಅಲ್ಲೇ ನನ್ನ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಹಾಲು ಕುಡಿಸಿದಳು. ಗಾಲಿ ಹಾಕಿ ಮುಗಿಯುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ಮುದಗಲ್ಲಿನಲ್ಲಿ ಇಳಿಯುವಾಗ ಆಕೆ ನನ್ನ ಕೈ ಹಿಡಿದು ಒಮ್ಮೆ ಒತ್ತಿ ಬಿಟ್ಟಳು. ನಾನು ಹುಡುಗಿಯರನ್ನು ಎಣಿಸಿದೆ. ಇಪ್ಪತ್ತಮೂರು.

ಕೋಟೆ ನೋಡಿದೆವು. ಹುಡುಗಿಯರು ಗೋಡೆಯ ಮೇಲೆಲ್ಲ ಓಡಾಡಿದರು. ಅಲ್ಲಿ ಏನಿತ್ತು ಅಂತ ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಮನೆಗೆ ಬಂದಾಗ ಗಂಡ, "ಹೆಂಗಾತು?" ಅಂದರು. "ಚೊಲೋ ಆತು" ಅಂದೆ. ಆ ಕೂಸಿನ ವಿಷಯ ಅವರಿಗೆ ಎಂದೂ ಹೇಳಲಿಲ್ಲ.

ಅಳು ಬಂದದ್ದು ಎಷ್ಟೋ ತಿಂಗಳ ಮೇಲೆ, ಮಳೆಗಾಲ ಹಿಡಿದಾಗ. ಒಂದು ಮುಂಜಾನೆ ಬಾವಿಯಲ್ಲಿ ನೀರು ಸೇದುವಾಗ ಹಗ್ಗದ ಕುಣಿಕೆ ಜಾರಿ ತಾಮ್ರದ ಕೊಡ ಒಳಗೆ ಬಿತ್ತು. ಬಿದ್ದ ಸಪ್ಪಳ ಕೇಳಿ ಬಾವಿಯ ಕಟ್ಟೆಗೆ ಕುಸಿದು ಕೂತು ಅತ್ತುಬಿಟ್ಟೆ. ಹೇಗೆ ಅತ್ತೆನೆಂದರೆ, ಓಣಿಯ ಹೆಂಗಸರೆಲ್ಲ ಓಡಿ ಬಂದರು.

"ಒಂದ್ ಕೊಡಕ್ಕ ಹಿಂಗ್ಯಾಕ ಅಳ್ತಿ ಬೇ? ಕೊಕ್ಕಿ ಬಿಟ್ಟು ತಗದ್ರಾತು" ಅಂದಳು ಮಗ್ಗುಲ ಮನೆಯಾಕೆ.

ಅತ್ತೆ ಮಾತ್ರ ನನ್ನ ಬೆನ್ನ ಹಿಂದೆ ಬಂದು ನಿಂತು, ಬಂದವರಿಗೆಲ್ಲ, "ಅಳ್ಲಿ ಬಿಡ್ರಿ. ಅಳ್ಲಿ" ಅನ್ನುತ್ತಿದ್ದರು. ಅವತ್ತು ನಾನು ಸಾಲಿಗೆ ಹೋಗಲಿಲ್ಲ.